ಕೆಸರೆತ್ತುವ ಪಂಪುಗಳ ನಿತ್ಯಪಾಲನೆ

'ಯೋಗಕ್ಷೇಮ' ಎಂಬ ಮಾತು ನಮ್ಮೆಲ್ಲರ ನಾಲಗೆಯ ಮೇಲಿರುವಂಥದು. ಅದು ಎರಡು ಪದಗಳ ಜೋಡಿ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ ಎಂದು ಹಿಂದಿನ ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಲೋಕದಲ್ಲಿ ಯೋಗಕ್ಕೆ ದೊರೆಯುವ ಗೌರವ ಕ್ಷೇಮಕ್ಕೆ ದೊರೆಯುವುದು ಅಪೂರ್ವ. ಹೊಸ ಯಂತ್ರ ಬಂದ ದಿನ ತೋರಣ ಕಟ್ಟಿ, ತೆಂಗಿನಕಾಯಿ ಒಡೆದು, ಸಭೆ ನೆರವೇರಿಸುತ್ತೇವೆ. ಆ ಯಂತ್ರವನ್ನು ಇಪ್ಪತ್ತು ವರ್ಷ ನಡೆಸಿಕೊಂಡು ಬಂದ ಕೆಲಸಗಾರನ ಹೆಸರು ಯಾವ ಶಿಲಾಫಲಕದ ಮೇಲೂ ಬರುವುದಿಲ್ಲ. ಯಂತ್ರವಿದ್ಯೆಯ ಅರ್ಧಕ್ಕೂ ಮಿಕ್ಕ ಭಾಗ ಈ ಕ್ಷೇಮಕಾರ್ಯದಲ್ಲಿಯೇ ಅಡಗಿದೆ. ಇದನ್ನು ಒಂದು ಉದಾಹರಣೆಯ ಮೂಲಕ ತಿಳಿಯಪಡಿಸುವುದು ಪ್ರಕೃತ ಲೇಖನದ ಉದ್ದೇಶ. ಉದಾಹರಣೆಗೆ ಆರಿಸಿಕೊಂಡದ್ದು ಕಾರ್ಖಾನೆ ಮತ್ತು ಗಣಿಗಳಲ್ಲಿ ಕೆಸರನ್ನು ಎತ್ತಿ ಸಾಗಿಸುವ ಪಂಪು. ಯಂತ್ರಗಳ ಪೈಕಿ ಇಷ್ಟು ಬೇಗ ಸವೆಯುವ, ಇಷ್ಟು ಎಡೆಬಿಡದ ಪಾಲನೆಯನ್ನು ಬೇಡುವ ಯಂತ್ರ ಮತ್ತೊಂದು ವಿರಳ.

ಕೆಸರಿನ ಸ್ವರೂಪ

ಇಂಗ್ಲಿಷಿನಲ್ಲಿ 'ಸ್ಲರಿ' ಎಂದು ಕರೆಯುವ ವಸ್ತುವಿಗೆ ಕನ್ನಡದಲ್ಲಿ ಪದಗಳ ಬಡತನವಿಲ್ಲ. ಕೆಸರು, ರಾಡಿ, ಬಗ್ಗಡ, ಗಸಿ, ರೊಜ್ಜು ಎಂದು ಸಾಂದ್ರತೆಗೆ ತಕ್ಕಂತೆ ನಮ್ಮ ಜನ ಬೇರೆ ಬೇರೆ ಹೆಸರುಗಳನ್ನು ಇಟ್ಟಿದ್ದಾರೆ. ಕೈಗಾರಿಕೆಯಲ್ಲಿ ಕೆಸರೆಂದರೆ ನುಣ್ಣಗೆ ಅರೆದ ಘನವಸ್ತುವನ್ನು ನೀರಿನೊಡನೆ ಬೆರೆಸಿದ ಮಿಶ್ರಣ. ಘನವಸ್ತುವನ್ನು ಲಾರಿಯಲ್ಲಿ ಹೊರುವುದಕ್ಕಿಂತ ನೀರಿನಲ್ಲಿ ತೇಲಿಸಿ ಕೊಳವೆಯೊಳಗೆ ಹರಿಸುವುದು ಅನೇಕ ಸಂದರ್ಭಗಳಲ್ಲಿ ಸುಲಭ.

ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನಗಳು ಉಂಟು. ಕುದುರೆಮುಖದಲ್ಲಿ ಅರೆದು ಶುದ್ಧಿಮಾಡಿದ ಕಬ್ಬಿಣದ ಅದಿರು ಕೆಸರಿನ ರೂಪದಲ್ಲಿ 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರನ್ನು ಸೇರುತ್ತಿತ್ತು. 2005ರ ಅಂತ್ಯಕ್ಕೆ ಅಲ್ಲಿನ ಗಣಿಗಾರಿಕೆ ನಿಂತಿತು. ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣಾ ತೀರದ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ 1985ರಲ್ಲಿ ಆರಂಭವಾಯಿತು. ಇಂಥ ಸ್ಥಾವರಗಳಲ್ಲಿ ಕಲ್ಲಿದ್ದಲು ಉರಿದು ಉಳಿದ ಬೂದಿಯನ್ನು ನೀರಿನಲ್ಲಿ ಕದಡಿ ಬೂದಿಕೊಳಕ್ಕೆ ಸಾಗಿಸುವ ಪದ್ಧತಿಯಿದೆ. ಅದೇ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯನ್ನು ಎಲ್ಲರೂ ಬಲ್ಲರು. ಒಂದು ಟನ್ ಕಲ್ಲಿನಲ್ಲಿ ಕೆಲವೇ ಗ್ರಾಂ ಚಿನ್ನ. ಅದನ್ನು ಬಿಡಿಸಬೇಕಾದರೆ ಕಲ್ಲನ್ನು ತಲೆಗೂದಲಿನ ದಪ್ಪದಷ್ಟು ಸಣ್ಣ ಕಣಗಳಾಗುವವರೆಗೆ ನೀರು ಹಾಕಿ ಅರೆಯಬೇಕು.

ಚಿನ್ನದ ಗಿರಣಿಯ ಕ್ರಮವನ್ನೇ ತುಸು ವಿವರವಾಗಿ ನೋಡೋಣ. ಉಕ್ಕಿನ ಗುಂಡುಗಳಿಂದ ಕೂಡಿದ ಉರುಳುವ ಗಿರಣಿಯಿಂದ ಹೊರಬಿದ್ದ ಕೆಸರು ಒಂದು ತೊಟ್ಟಿಯನ್ನು ಸೇರುತ್ತದೆ. ತೊಟ್ಟಿಯಿಂದ ಪಂಪು ಅದನ್ನು ಎತ್ತಿ ಸೈಕ್ಲೋನ್ ಎಂಬ ಶಂಕುವಿನಾಕಾರದ ಪಾತ್ರೆಗೆ ಒತ್ತಡದಿಂದ ನುಗ್ಗಿಸುತ್ತದೆ. ಅಲ್ಲಿ ಸುಳಿಯ ಬಲದಿಂದ ಒರಟು ಕಣಗಳು ಕೆಳಗಿಳಿದು ಮತ್ತೆ ಗಿರಣಿಗೆ ಹೋಗುತ್ತವೆ. ನುಣುಪಾದವು ಮೇಲಿನಿಂದ ಹೊರಟು ಚಿನ್ನ ಕರಗಿಸುವ ವಿಭಾಗಕ್ಕೆ ಸಾಗುತ್ತವೆ. ಇಡೀ ವ್ಯವಸ್ಥೆಗೆ ಆ ಒಂದು ಪಂಪೇ ಹೃದಯಸ್ಥಾನದಲ್ಲಿದೆ. ಅದು ನಿಂತರೆ ತೊಟ್ಟಿ ಉಕ್ಕುತ್ತದೆ, ಗಿರಣಿಯನ್ನು ನಿಲ್ಲಿಸಬೇಕಾಗುತ್ತದೆ, ಕೊಳವೆಯೊಳಗಿನ ಕೆಸರು ತಳಕ್ಕಿಳಿದು ಗಟ್ಟಿಯಾಗುತ್ತದೆ.

ಪಂಪಿನ ರಚನೆ

ಬಾವಿಯ ಮೇಲೆ ಕೂರಿಸುವ ನೀರಿನ ಪಂಪನ್ನು ನಮ್ಮ ರೈತರೆಲ್ಲ ಬಲ್ಲರು. ಕೆಸರಿನ ಪಂಪೂ ಅದೇ ಜಾತಿಗೆ ಸೇರಿದುದು. ಶಂಖದಂತೆ ಸುರುಳಿಯಾದ ಕವಚ, ಅದರೊಳಗೆ ರಭಸದಿಂದ ತಿರುಗುವ ಇಂಪೆಲರ್ ಎಂಬ ಚಕ್ರ, ಚಕ್ರವನ್ನು ಹೊತ್ತ ದಂಡ, ದಂಡವನ್ನು ಹಿಡಿದಿರುವ ಬೇರಿಂಗುಗಳು, ತಿರುಗಿಸುವ ಮೋಟಾರು: ಇಷ್ಟೇ ಅದರ ಅಂಗಗಳು. ನಡುವಿನಿಂದ ಒಳಬಂದ ಕೆಸರನ್ನು ಚಕ್ರವು ಅಂಚಿನ ಕಡೆಗೆ ಎಸೆಯುತ್ತದೆ; ಆ ಎಸೆತವೇ ಕವಚದೊಳಗೆ ಒತ್ತಡವಾಗಿ ಪರಿಣಮಿಸುತ್ತದೆ.

ಆದರೆ ನೀರಿನ ಪಂಪಿನಲ್ಲಿ ಕೆಸರನ್ನು ಎತ್ತಲು ಹೊರಟರೆ ಅಲ್ಪಕಾಲದಲ್ಲಿಯೇ ಕವಚ ತೂತಾಗುವುದು ನಿಶ್ಚಯ. ಆಸ್ಟ್ರೇಲಿಯದ ಕಾಲ್ಗೂರ್ಲಿ ಚಿನ್ನದ ಗಣಿಪ್ರದೇಶದಲ್ಲಿ 1930ರ ದಶಕದ ಕೊನೆಯಲ್ಲಿ ಚಾರ್ಲ್ಸ್ ವಾರ್ಮನ್ ಎಂಬ ಎಂಜಿನಿಯರರು ಕೆಸರಿಗೆಂದೇ ಒಂದು ಪಂಪನ್ನು ರೂಪಿಸಿದರು. ಅವರ ಹೆಸರಿನ ಪಂಪುಗಳು ಇಂದಿಗೂ ಲೋಕದ ಅನೇಕ ಗಣಿಗಳಲ್ಲಿ ನಡೆಯುತ್ತಿವೆ. ಈ ಬಗೆಯ ಪಂಪಿನಲ್ಲಿ ಹೊರಕವಚದ ಒಳಮೈಗೆ ಲೈನರ್ ಎಂಬ ಬದಲಿಸಬಹುದಾದ ಒಳಹೊದಿಕೆ ಇರುತ್ತದೆ. ಕೆಸರು ಉಜ್ಜುವುದು ಆ ಹೊದಿಕೆಯನ್ನು. ಹೊರಕವಚಕ್ಕೆ ಅದರ ಸ್ಪರ್ಶವೇ ಇಲ್ಲ. ಹಾಗೆಯೇ ದಂಡದ ಮೇಲೆ ತೊಡಿಸಿದ ತೋಳು ತಾನು ಸವೆದು ದಂಡವನ್ನು ಉಳಿಸುತ್ತದೆ. ಅಗ್ಗದ ಭಾಗವು ಸವೆದು ದುಬಾರಿಯ ಭಾಗವನ್ನು ಕಾಯಬೇಕೆಂಬುದೇ ಈ ರಚನೆಯ ಹಿಂದಿರುವ ಚಿಂತನೆ.

ಸವೆತದ ಧರ್ಮ

ಚಿನ್ನದ ಅದಿರಿನಲ್ಲಿ ಬೆಣಚುಕಲ್ಲಿನ ಅಂಶ ಹೇರಳ. ಖನಿಜಗಳ ಕಾಠಿಣ್ಯವನ್ನು ಅಳೆಯುವ ಮೋಸ್ ಶ್ರೇಣಿಯಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಸಾಮಾನ್ಯ ಮೆದು ಉಕ್ಕು ಅದಕ್ಕಿಂತ ಬಹಳ ಕೆಳಗಿದೆ. ಆದಕಾರಣ ಬೆಣಚಿನ ಕಣಗಳು ಉಕ್ಕನ್ನು ಉಜ್ಜುಗಾಗದದಂತೆ ತಿನ್ನುತ್ತವೆ. ಇದಕ್ಕೆ ಎರಡು ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ಒಂದು, ನೂರಕ್ಕೆ ಸುಮಾರು 27ರಷ್ಟು ಕ್ರೋಮಿಯಂ ಸೇರಿದ ಗಡಸು ಎರಕದ ಕಬ್ಬಿಣ. ಇದು ಕಾಠಿಣ್ಯದಿಂದ ಎದುರಿಸುತ್ತದೆ. ಒರಟು, ಚೂಪು ಕಣಗಳಿಗೆ ಇದೇ ತಕ್ಕದ್ದು. ಇನ್ನೊಂದು, ರಬ್ಬರು. ಬಡಿದ ಕಣವನ್ನು ಇದು ಚೆಂಡಿನಂತೆ ಹಿಂದಕ್ಕೆ ಪುಟಿಸುತ್ತದೆ. ನುಣುಪಾದ ಕಣಗಳಿರುವ ಕೆಸರಿಗೆ ಇದು ಲೋಹಕ್ಕಿಂತ ಹೆಚ್ಚು ಬಾಳುವುದುಂಟು. ಆದರೆ ಸಹಜ ರಬ್ಬರಿಗೆ ಎಣ್ಣೆ ಸೋಕಬಾರದು, ಬಿಸಿ ಹೆಚ್ಚಾಗಬಾರದು, ಚೂಪಾದ ದೊಡ್ಡ ಹರಳು ಬೀಳಬಾರದು.

ಸವೆತಕ್ಕೂ ವೇಗಕ್ಕೂ ಇರುವ ನಂಟನ್ನು ಪ್ರತಿಯೊಬ್ಬ ಕೆಲಸಗಾರನೂ ಅರಿತಿರಬೇಕು. ಸವೆತವು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆಂದು ಎಂಜಿನಿಯರರು ಗಣಿಸುತ್ತಾರೆ. ಅಂದರೆ ವೇಗ ಇಮ್ಮಡಿಯಾದರೆ ಸವೆತ ಎರಡು ಪಟ್ಟಾಗಿ ನಿಲ್ಲದೆ ಎಂಟು ಪಟ್ಟಿನವರೆಗೆ ಏರುವುದು. ನೂರಕ್ಕೆ 20ರಷ್ಟು ವೇಗ ಹೆಚ್ಚಿಸಿದರೂ ಸವೆತ ಸುಮಾರು ಒಂದೂ ಮುಕ್ಕಾಲು ಪಟ್ಟಿಗೆ ಬಂದು ಮುಟ್ಟುತ್ತದೆ. ಹೆಚ್ಚು ಕೆಲಸ ತೆಗೆಯುವ ಆತುರದಲ್ಲಿ ಪುಲ್ಲಿ ಬದಲಿಸಿ ವೇಗ ಏರಿಸುವವರು ಈ ಗಣಿತವನ್ನು ನೆನಪಿಡತಕ್ಕದ್ದು. ಇತ್ತ ವೇಗವನ್ನು ಅತಿಯಾಗಿ ತಗ್ಗಿಸಿದರೆ ಕೊಳವೆಯಲ್ಲಿ ಕಣಗಳು ತಳ ಹಿಡಿದು ಕುಳಿತುಬಿಡುತ್ತವೆ. ಈ ಎರಡು ಅಪಾಯಗಳ ನಡುವಣ ಕಿರಿದಾದ ದಾರಿಯಲ್ಲಿ ಪಂಪನ್ನು ನಡೆಸಬೇಕು.

ಇಷ್ಟರಿಂದ ಒಂದು ತತ್ತ್ವ ಸಿದ್ಧವಾಗುತ್ತದೆ. ಕೆಸರಿನ ಪಂಪಿನಲ್ಲಿ ಸವೆತವನ್ನು ಇಲ್ಲವಾಗಿಸಲು ಸಾಧ್ಯವಿಲ್ಲ. ಅದು ಎಲ್ಲಿ, ಎಷ್ಟು, ಯಾವಾಗ ಆಗಬೇಕೆಂಬುದನ್ನು ಮನುಷ್ಯನು ಗೊತ್ತುಪಡಿಸಬಹುದು. ಪಾಲನೆ ಎಂದರೆ ಇದೇ. ಲೈನರು ನಾವು ಗೊತ್ತುಪಡಿಸಿದ ದಿನ ಬದಲಾದರೆ ಅದು ಕ್ರಮ. ಅದೇ ಲೈನರು ನಡುರಾತ್ರಿ ತೂತಾಗಿ ಕವಚವನ್ನೂ ತಿಂದರೆ ಅದು ಅನರ್ಥ. ಸವೆದ ವಸ್ತು ಎರಡರಲ್ಲಿಯೂ ಒಂದೇ. ಭೇದವಿರುವುದು ಪಾಲಕನ ಎಚ್ಚರದಲ್ಲಿ.

ದಿನಚರಿ

ಪಂಪಿನ ನಿತ್ಯಪಾಲನೆಗೆ ದುಬಾರಿಯ ಉಪಕರಣಗಳು ಬೇಕಿಲ್ಲ. ಕಣ್ಣು, ಕಿವಿ, ಕೈ ಇವು ಮೂರೂ ಎಚ್ಚರವಾಗಿದ್ದರೆ ಮುಕ್ಕಾಲು ಕೆಲಸ ಆದಂತೆಯೇ.

ಮೊದಲು ನೋಡಬೇಕಾದುದು ಗ್ಲ್ಯಾಂಡ್. ತಿರುಗುವ ದಂಡವು ಕವಚದಿಂದ ಹೊರಬರುವ ಎಡೆಯಲ್ಲಿ ಕೆಸರು ಸೋರದಂತೆ ಹೆಣೆದ ಹಗ್ಗದಂತಹ ಪ್ಯಾಕಿಂಗನ್ನು ಸುತ್ತುಸುತ್ತಾಗಿ ತುಂಬಿರುತ್ತಾರೆ. ನೀರನ್ನು ಹಾಯಿಸುವ ಬಗೆಯ ಗ್ಲ್ಯಾಂಡಿನಲ್ಲಿ, ಪಂಪಿನ ಒತ್ತಡಕ್ಕಿಂತ ತುಸು ಹೆಚ್ಚಿನ ಒತ್ತಡದಲ್ಲಿ ಶುದ್ಧವಾದ ನೀರನ್ನು ಅಲ್ಲಿಗೆ ಕೊಡುತ್ತಾರೆ. ಆ ನೀರು ಒಳಮುಖವಾಗಿ ಹರಿದು ಕೆಸರನ್ನು ದೂರವಿಡುತ್ತದೆ, ಹೊರಮುಖವಾಗಿ ಹನಿದು ದಂಡದ ತೋಳನ್ನು ತಂಪಾಗಿಡುತ್ತದೆ. ಆದ್ದರಿಂದ ಗ್ಲ್ಯಾಂಡಿನಿಂದ ತೊಟ್ಟುತೊಟ್ಟಾಗಿಯೋ ಸಣ್ಣ ಎಳೆಯಾಗಿಯೋ ತಿಳಿನೀರು ಸೋರುತ್ತಿರುವುದು ಆರೋಗ್ಯದ ಲಕ್ಷಣ. ಹೊಸದಾಗಿ ಕೆಲಸಕ್ಕೆ ಬಂದವರು ಸೋರಿಕೆಯನ್ನು ಕಂಡು ನಟ್ಟುಗಳನ್ನು ಬಿಗಿದು ಪೂರ್ತಿ ನಿಲ್ಲಿಸಲು ಹೋಗುವುದುಂಟು. ಆಗ ಪ್ಯಾಕಿಂಗು ಒಣಗಿ, ಸುಟ್ಟು, ತೋಳಿನ ಮೇಲೆ ಗೀರು ಬೀಳುತ್ತದೆ. ಬಿಗಿಯುವ ಪ್ರಸಂಗ ಬಂದರೆ ಎರಡೂ ಕಡೆಯ ನಟ್ಟುಗಳನ್ನು ಸಮನಾಗಿ, ಒಮ್ಮೆಗೆ ಸ್ವಲ್ಪವೇ ತಿರುಗಿಸಿ, ಕೆಲಹೊತ್ತು ಕಾದು ನೋಡಬೇಕು. ಸೋರುವ ನೀರು ತಿಳಿಯಾಗಿರದೆ ರಾಡಿಯಾಗಿದ್ದರೆ ಒಳಗಿನ ಕೆಸರು ಗ್ಲ್ಯಾಂಡಿಗೆ ನುಗ್ಗಿದೆಯೆಂದು ತಿಳಿದು, ಕೂಡಲೆ ನೀರಿನ ಒತ್ತಡವನ್ನು ಪರೀಕ್ಷಿಸಬೇಕು.

ಎರಡನೆಯದು ಬೇರಿಂಗು. ಅದರ ಬಿಸಿ ನಿನ್ನೆಗಿಂತ ಹೆಚ್ಚಿದೆಯೇ, ಸದ್ದು ಬದಲಾಗಿದೆಯೇ ಎಂಬುದನ್ನು ನೋಡಬೇಕು. ಇಲ್ಲಿಯೂ ಒಂದು ತಪ್ಪು ತಿಳಿವಳಿಕೆ ರೂಢಿಯಲ್ಲಿದೆ: ಗ್ರೀಸ್ ಹೆಚ್ಚಾದಷ್ಟೂ ಒಳ್ಳೆಯದು ಎಂಬುದು. ಅತಿಯಾಗಿ ತುರುಕಿದ ಗ್ರೀಸ್ ಒಳಗೆ ಕಲಕಿಕೊಂಡು ತಾನೇ ಬಿಸಿ ಹುಟ್ಟಿಸುತ್ತದೆ. ತಯಾರಕರು ಹೇಳಿದಷ್ಟನ್ನು, ಹೇಳಿದ ಅವಧಿಗೆ ಹಾಕುವುದೇ ಸರಿ. ಎಣ್ಣೆಯಿಂದ ನಡೆಯುವ ಬೇರಿಂಗಾದರೆ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದಲ್ಲಿ ನೀರು ಸೇರಿದೆಯೆಂದು ಅರ್ಥ.

ಮೂರನೆಯದು ತೊಟ್ಟಿಯ ಮಟ್ಟ. ಮಟ್ಟ ಕುಸಿದರೆ ಕೆಸರಿನೊಡನೆ ಗಾಳಿಯೂ ಒಳಹೋಗಿ ಪಂಪು ಉಸಿರುಕಟ್ಟಿದಂತೆ ಏರಿಳಿಯುತ್ತದೆ. ಒಳಹರಿವು ಸಾಲದೆ ಹೋದಾಗ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತ, ಜಲ್ಲಿಕಲ್ಲು ಉರುಳಿದಂತಹ ಸದ್ದು ಕೇಳಿಸುತ್ತದೆ. ಆ ಸದ್ದು ಕೇಳಿದೊಡನೆ ಕಾರಣವನ್ನು ಹುಡುಕಬೇಕು. ತೊಟ್ಟಿಯ ಬಾಯಿಗೆ ಜಾಲರಿ ಇದ್ದರೆ ಗಿರಣಿಯಿಂದ ಬಿದ್ದ ಉಕ್ಕಿನ ಚೂರು, ಕಟ್ಟಿಗೆಯ ತುಂಡು, ಬಟ್ಟೆಯ ಚಿಂದಿ ಒಳಹೋಗದಂತೆ ತಡೆಯುತ್ತದೆ. ಅದನ್ನು ದಿನವೂ ಶುಚಿ ಮಾಡಬೇಕು.

ನಾಲ್ಕನೆಯದು ಮೀಟರುಗಳ ಓದು. ಮೋಟಾರು ಎಳೆಯುವ ಆಂಪಿಯರ್, ಹೊರಹರಿವಿನ ಒತ್ತಡ ಇವೆರಡನ್ನೂ ದಿನವೂ ಒಂದೇ ಹೊತ್ತಿಗೆ ಬರೆದಿಡಬೇಕು. ವೇಗವೂ ಕೆಸರಿನ ಸಾಂದ್ರತೆಯೂ ಬದಲಾಗದೆ ಒತ್ತಡ ಮಾತ್ರ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ ಒಳಗೆ ಚಕ್ರ ಸವೆಯುತ್ತಿದೆಯೆಂದು ಕವಚ ಬಿಚ್ಚದೆಯೇ ಊಹಿಸಬಹುದು.

ನಿಲ್ಲಿಸುವಾಗಲೂ ಒಂದು ಕ್ರಮವಿದೆ. ಕೆಸರನ್ನು ಒಳಗೆ ಬಿಟ್ಟು ಪಂಪನ್ನು ನಿಲ್ಲಿಸಿದರೆ ಕಣಗಳು ಇಳಿದು ಹೆಪ್ಪುಗಟ್ಟಿ ಚಕ್ರವನ್ನು ಹಿಡಿದುಕೊಳ್ಳುತ್ತವೆ. ನಿಲ್ಲಿಸುವ ಮೊದಲು ಕೆಲಕಾಲ ಬರಿಯ ನೀರನ್ನು ಹರಿಸಿ ಪಂಪನ್ನೂ ಕೊಳವೆಯನ್ನೂ ತೊಳೆಯಬೇಕು. ಗ್ಲ್ಯಾಂಡಿನ ನೀರನ್ನು ಪಂಪು ಹೊರಡುವುದಕ್ಕೆ ಮೊದಲು ಬಿಡಬೇಕು, ಪಂಪು ನಿಂತ ನಂತರವೇ ಮುಚ್ಚಬೇಕು.

ವಾರದ ಮತ್ತು ತಿಂಗಳ ಕೆಲಸ

ಕೆಸರಿನ ಪಂಪಿನ ಪಕ್ಕದಲ್ಲಿ ಸಾಮಾನ್ಯವಾಗಿ ಅಂತಹುದೇ ಇನ್ನೊಂದು ಪಂಪು ಸಿದ್ಧವಾಗಿ ನಿಂತಿರುತ್ತದೆ. ನಿಂತ ಪಂಪಿಗೆ ಪಾಲನೆ ಬೇಡವೆಂಬುದು ಭ್ರಮೆ. ನೆರೆಯ ಯಂತ್ರಗಳ ಕಂಪನದಿಂದ ಅದರ ಬೇರಿಂಗಿನ ಉರುಳೆಗಳು ಒಂದೇ ಜಾಗದಲ್ಲಿ ಕುಟ್ಟಿಸಿಕೊಂಡು ಅಲ್ಲಿ ಗುಳಿ ಬೀಳುತ್ತದೆ. ವಾರಕ್ಕೊಮ್ಮೆ ಅದರ ದಂಡವನ್ನು ಕೈಯಿಂದ ಕಾಲು ಸುತ್ತು ತಿರುಗಿಸಿ ಬಿಟ್ಟರೆ ಈ ಹಾನಿ ತಪ್ಪುತ್ತದೆ. ಒಂದು ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ಆದರೂ ಮರೆತುಹೋಗುವ ಕೆಲಸಗಳಲ್ಲಿ ಇದೇ ಮೊದಲನೆಯದು.

ಚಕ್ರ ಮತ್ತು ಮುಂದಿನ ಲೈನರಿನ ನಡುವಣ ಸಂದನ್ನು ಸರಿಪಡಿಸುವುದು ಇನ್ನೊಂದು ಮುಖ್ಯ ಕಾರ್ಯ. ಸವೆತದಿಂದ ಈ ಸಂದು ಅಗಲವಾದಂತೆಲ್ಲ ಎತ್ತಿದ ಕೆಸರಿನ ಒಂದು ಪಾಲು ಅದರ ಮೂಲಕ ಹಿಂದಕ್ಕೆ ನುಸುಳಿ, ಮತ್ತೆ ಮತ್ತೆ ಅಲ್ಲಿಯೇ ಸುತ್ತುತ್ತ ಸವೆತವನ್ನು ಇಮ್ಮಡಿಸುತ್ತದೆ. ಅದಕ್ಕಾಗಿ ಬೇರಿಂಗಿನ ಪೆಟ್ಟಿಗೆಯನ್ನು ಮುಂದೆ ಸರಿಸುವ ತಿರುಪನ್ನು ಇಟ್ಟಿರುತ್ತಾರೆ. ಪಂಪನ್ನು ನಿಲ್ಲಿಸಿ, ವಿದ್ಯುತ್ತನ್ನು ಕಡಿದು, ದಂಡವನ್ನು ಅದು ತಿರುಗುವ ದಿಕ್ಕಿನಲ್ಲಿಯೇ ಕೈಯಿಂದ ತಿರುಗಿಸುತ್ತ, ಲೋಹದ ಲೈನರಾದರೆ ಚಕ್ರವು ಅದನ್ನು ಕೆರೆಯುವ ಸದ್ದು ಕೇಳುವವರೆಗೆ ಮುಂದೆ ಸರಿಸಿ, ಅನಂತರ ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬೇಕು. ರಬ್ಬರಿನ ಲೈನರಾದರೆ ಮುಂದಿನ ಮತ್ತು ಹಿಂದಿನ ಲೈನರುಗಳ ನಟ್ಟನಡುವೆ ಚಕ್ರ ನಿಲ್ಲುವಂತೆ ನೋಡಿಕೊಳ್ಳಬೇಕು. ಲೈನರಿನ ಆಯುಸ್ಸಿನಲ್ಲಿ ಎರಡು ಮೂರು ಬಾರಿಯಾದರೂ ಇದನ್ನು ಮಾಡಿದರೆ ಆ ಆಯುಸ್ಸು ಸ್ಪಷ್ಟವಾಗಿ ಹೆಚ್ಚುತ್ತದೆ.

ಬೆಲ್ಟುಗಳಲ್ಲಿ ಒಂದು ಹರಿದರೆ ಅದೊಂದನ್ನೇ ಬದಲಿಸುವುದು ಹುಸಿ ಉಳಿತಾಯ. ಹಳೆಯವು ಹಿಗ್ಗಿರುವುದರಿಂದ ಹೊರೆಯೆಲ್ಲ ಹೊಸದರ ಮೇಲೆ ಬೀಳುತ್ತದೆ. ಇಡೀ ಜೊತೆಯನ್ನು ಒಟ್ಟಿಗೆ ಬದಲಿಸಬೇಕು. ರಬ್ಬರಿನ ಬಿಡಿಭಾಗಗಳನ್ನು ಬಿಸಿಲು ತಾಗದ ತಂಪು ಕತ್ತಲೆಯ ಕೋಣೆಯಲ್ಲಿ ಇಡಬೇಕು.

ಪ್ರಾಣಕ್ಕೆ ಸಂಬಂಧಿಸಿದ ನಿಯಮಗಳು

ಈವರೆಗೆ ಹೇಳಿದುದು ಯಂತ್ರದ ಕ್ಷೇಮ. ಇನ್ನು ಹೇಳುವುದು ಮನುಷ್ಯನ ಕ್ಷೇಮ. ಇದರಲ್ಲಿ ಸಡಿಲಿಕೆಗೆ ಎಡೆಯಿಲ್ಲ.

ಒಂದು: ಪಂಪಿಗೆ ಕೈಹಾಕುವ ಮುನ್ನ ವಿದ್ಯುತ್ ಸ್ವಿಚ್ಚಿಗೆ ಬೀಗ ಜಡಿದು, ಬೀಗದ ಕೈಯನ್ನು ಕೆಲಸ ಮಾಡುವವನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. "ಯಾರೂ ಹಾಕುವುದಿಲ್ಲ" ಎಂಬ ನಂಬಿಕೆಯ ಮೇಲೆ ಬೆರಳುಗಳನ್ನು ಒತ್ತೆ ಇಡಬಾರದು.

ಎರಡು: ಒಳಹರಿವಿನ ಮತ್ತು ಹೊರಹರಿವಿನ ದಾರಿಗಳೆರಡೂ ಮುಚ್ಚಿರುವಾಗ ಪಂಪನ್ನು ಓಡಿಸಲೇಬಾರದು. ಒಳಗೆ ಸಿಕ್ಕಿಕೊಂಡ ನೀರು ಕಾದು ಆವಿಯಾಗಿ, ಕವಚ ಸಿಡಿಯುವ ಸಂಭವವಿದೆ. ಕೊಳವೆ ಕಟ್ಟಿಕೊಂಡಾಗಲೂ ಇದೇ ಅಪಾಯ.

ಮೂರು: ಮೋಟಾರನ್ನು ರಿಪೇರಿಗೆ ಬಿಚ್ಚಿ ಮತ್ತೆ ಜೋಡಿಸಿದಾಗ ಬೆಲ್ಟು ಹಾಕುವುದಕ್ಕೆ ಮೊದಲು ಅದು ಯಾವ ದಿಕ್ಕಿಗೆ ತಿರುಗುತ್ತದೆಂದು ನೋಡಬೇಕು. ಈ ಪಂಪುಗಳಲ್ಲಿ ಚಕ್ರವನ್ನು ಸಾಮಾನ್ಯವಾಗಿ ದಂಡಕ್ಕೆ ತಿರುಪಿನಿಂದ ಕೂಡಿಸಿರುತ್ತಾರೆ. ಮೂರು ತಂತಿಗಳಲ್ಲಿ ಎರಡು ಅದಲುಬದಲಾದರೆ ಮೋಟಾರು ಹಿಮ್ಮೊಗವಾಗಿ ತಿರುಗಿ, ಚಕ್ರವು ದಂಡದಿಂದ ಬಿಚ್ಚಿಕೊಂಡು ಕವಚವನ್ನು ಒಡೆಯುತ್ತದೆ.

ನಾಲ್ಕು: ಬಿಗಿದುಕೊಂಡ ಚಕ್ರವನ್ನು ಬಿಡಿಸಲು ಗ್ಯಾಸಿನ ಉರಿ ಹಿಡಿಯಬಾರದು. ಗಡಸು ಎರಕ ಬಿಸಿಗೆ ಸೀಳುತ್ತದೆ. ಒಳಗೆ ಸಿಕ್ಕಿದ ಗಾಳಿ, ತೇವ ಹಿಗ್ಗಿ ಸಿಡಿಯುತ್ತದೆ.

ಐದು: ಚಿನ್ನ ಕರಗಿಸುವ ವಿಭಾಗದ ಪಂಪಿನಲ್ಲಿ ಹರಿಯುವುದು ಸಯನೈಡ್ ಬೆರೆತ ಕೆಸರು. ಸುಣ್ಣ ಹಾಕಿ ಅದರ ಕ್ಷಾರತೆಯನ್ನು ಪಿಎಚ್ ಮಾನದಲ್ಲಿ ಸುಮಾರು 10.5ರ ಮೇಲೆ ಕಾಯ್ದುಕೊಳ್ಳುತ್ತಾರೆ. ಅದು ಕುಸಿದರೆ ವಿಷಾನಿಲ ಹೊರಡುತ್ತದೆ. ಅಲ್ಲಿ ಗ್ಲ್ಯಾಂಡಿನಿಂದ ಬೀಳುವ ಹನಿಯನ್ನು ಬರಿಗೈಯಿಂದ ಮುಟ್ಟಕೂಡದು; ಬಿಚ್ಚುವ ಮೊದಲು ನೀರಿನಿಂದ ಪೂರ್ಣವಾಗಿ ತೊಳೆಯಬೇಕು.

ದಿನಚರಿಯ ಪುಸ್ತಕ ಮತ್ತು ಕನ್ನಡ

ಪ್ರತಿಯೊಂದು ಪಂಪಿಗೂ ಒಂದು ಪುಸ್ತಕ ಇರಬೇಕು. ಲೈನರ್ ಹಾಕಿದ ದಿನ, ನಡೆದ ಗಂಟೆಗಳು, ಸಂದು ಸರಿಪಡಿಸಿದ ದಿನ, ಬಿಚ್ಚಿದಾಗ ಸವೆತ ಎಲ್ಲಿ ಹೆಚ್ಚಾಗಿತ್ತು ಎಂಬ ಟಿಪ್ಪಣಿ ಇವಿಷ್ಟು ಸಾಕು. ಎರಡು ಮೂರು ಲೈನರುಗಳ ಇತಿಹಾಸ ಬರೆದಿಟ್ಟವನು ನಾಲ್ಕನೆಯದು ಯಾವ ವಾರದಲ್ಲಿ ಬದಲಾಗಬೇಕೆಂದು ಮುಂಚಿತವಾಗಿ ಹೇಳಬಲ್ಲ. ಬರೆಯದವನು ಯಂತ್ರ ಮುರಿದಾಗಲೇ ಕಲಿಯುತ್ತಾನೆ, ಆ ಕಲಿಕೆಯೂ ಅವನೊಡನೆಯೇ ನಿವೃತ್ತಿಯಾಗುತ್ತದೆ.

ಈ ಸಂದರ್ಭದಲ್ಲಿ ಅಧ್ಯಾಪಕ ಬಂಧುಗಳಲ್ಲಿ ಒಂದು ಮಾತನ್ನು ಅರಿಕೆಮಾಡಬಯಸುತ್ತೇನೆ. ಯಂತ್ರಗಳೊಡನೆ ಬರುವ ಕೈಪಿಡಿಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ಮೇಲೆ ಹೇಳಿದಂತಹ ಎಚ್ಚರಿಕೆಗಳು ಅವುಗಳಲ್ಲಿ ಅಚ್ಚಾಗಿರುವುದುಂಟು. ಆದರೆ ಸ್ಪ್ಯಾನರ್ ಹಿಡಿದು ಪಂಪಿನ ಮುಂದೆ ಕೂರುವವನು ನಮ್ಮ ಹಳ್ಳಿಯ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಹುಡುಗ. ಓದಲಾಗದ ಎಚ್ಚರಿಕೆ ಇದ್ದೂ ಇಲ್ಲದಂತೆ. ಇಂಪೆಲರ್, ಗ್ಲ್ಯಾಂಡ್, ಲೈನರ್ ಎಂಬ ಪದಗಳು ಅವನ ಬಾಯಲ್ಲಿ ಈಗಾಗಲೇ ಕನ್ನಡವಾಗಿವೆ. ಅವಕ್ಕೆ ಕಷ್ಟದ ಸಂಸ್ಕೃತ ಪದಗಳನ್ನು ಟಂಕಿಸುವುದು ಅನಾವಶ್ಯಕ. ಬೇಕಾದುದು ಅವನು ಮಾಡಬೇಕಾದ, ಮಾಡಬಾರದ ಕೆಲಸಗಳನ್ನು ಹೇಳುವ ನಿಚ್ಚಳವಾದ ಕನ್ನಡ ವಾಕ್ಯಗಳು. ಕನ್ನಡ ತರಗತಿಯಲ್ಲಿ ಪ್ರಬಂಧ ಬರೆಸುವ ನಾವು ವರ್ಷಕ್ಕೊಮ್ಮೆಯಾದರೂ ಒಂದು ಯಂತ್ರದ ಪಾಲನಾಕ್ರಮವನ್ನು ಮಕ್ಕಳಿಂದ ಬರೆಸಿದರೆ, ಭಾಷೆಯೂ ಬೆಳೆಯುತ್ತದೆ, ನಾಳೆ ಒಂದು ಕೈಯೂ ಉಳಿಯುತ್ತದೆ.

ಗಣಿ, ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಯಂತ್ರದ ಬಗೆಗೆ ಇಂತಹ ಒಂದೊಂದು ಪುಟವನ್ನು ಬರೆದು ಶಾಲೆಗೆ ಕಳುಹಿಸಲಿ. ಉದಾರಿಗಳಾದ ದಾನಿಗಳು ಹೊಸ ಉಪಕರಣಗಳನ್ನು ಕೊಡಿಸುವಾಗ ಅವುಗಳ ಪಾಲನೆಗೂ ವರ್ಷವರ್ಷ ಒಂದಿಷ್ಟು ಹಣ ನಿಲ್ಲುವಂತೆ ಏರ್ಪಾಡು ಮಾಡಲಿ. ಯೋಗ ಒಂದು ದಿನದ ಕಾರ್ಯ. ಕ್ಷೇಮ ದಿನದಿನದ ಕಾರ್ಯ.